ಕಾಸರಗೋಡಿನ ಚಿಕ್ಕಮ್ಮ, ಕುವೈತಿನ ಗೆಳತಿ

2024ರ ಏಪ್ರಿಲ್ 26ರಂದು ಬ್ರಹ್ಮಾವರದ ಶಾಲೆಯ ಬೂತಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಮತ ಹಾಕಿದೆ. ಹೊರದೇಶದಲ್ಲಿದ್ದು ಪಟ್ಟಿಗೆ ಹೆಸರು ಸೇರಿಸಿದವರಿಗೆ ಅದೇ ಗುರುತಿನ ಚೀಟಿ. ಚುನಾವಣೆಗೆಂದೇ ರಜೆ ಹೊಂದಿಸಿಕೊಂಡು ಕುವೈತಿನಿಂದ ಬಂದಿದ್ದೆ. ಎರಡು ವಾರ ಕಳೆದಿತ್ತು. ಮೇ 10ರ ರಾತ್ರಿ ನನ್ನ ಆಸ್ಪತ್ರೆಯ ವಾರ್ಡಿನ ಕುವೈತಿ ಗೆಳತಿಯಿಂದ ಒಂದು ಸಾಲು ಬಂತು: "ನಮ್ಮ ಮಜ್ಲಿಸ್ ಮುಚ್ಚಿದರು." ಮಜ್ಲಿಸ್ ಎಂದರೆ ಅವರ ಸಂಸತ್ತು.

ಅಲ್ಲಿ ಏಪ್ರಿಲ್ 4ಕ್ಕೆ ಚುನಾವಣೆ ಮುಗಿದಿತ್ತು. ಗೆದ್ದವರು ಒಂದು ದಿನವಾದರೂ ಸಭೆ ಸೇರುವ ಮೊದಲೇ ಅಮೀರರು ಸಂಸತ್ತನ್ನು ವಿಸರ್ಜಿಸಿದರು, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದ ಅವಧಿಗೆ ತಡೆಹಿಡಿದರು.

ಬೆಳಿಗ್ಗೆ ಮಾವನಿಗೆ ಹೇಳಿದೆ. ಅವರಿಗೆ ನಂಬಿಕೆಯೇ ಬರಲಿಲ್ಲ. "ಎಂತ ಮಾರಾಯ್ತಿ, ಸುತ್ತ ರಾಜರಿರುವ ಕಡೆ ಓಟಿನ ಸಂಸತ್ತು ಮೊದಲು ಬಂದದ್ದು ಆ ದೇಶದಲ್ಲಿ ಅಂತ ನೀನೇ ಹೇಳಿದ್ದಲ್ಲವಾ? ಅಲ್ಲಿಂದ ಪಕ್ಕದವರಿಗೂ ಹಬ್ಬಬೇಕಿತ್ತು. ನಮಗೆ ಭೂಮಿ ಬಂದದ್ದು ಹಾಗೆಯೇ."

ಮಾವನ ಆ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅವರ ಚಿಕ್ಕಮ್ಮನನ್ನು ಕಾಸರಗೋಡಿನ ಕಡೆಗೆ ಕೊಟ್ಟಿದ್ದರು. 1956ರವರೆಗೆ ಅದೂ ನಮ್ಮ ಜಿಲ್ಲೆಯೇ. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಹೋಯಿತು. ಚಿಕ್ಕಮ್ಮ ಊರಿಗೆ ಬಂದವರು, "ಇನ್ನು ಧಣಿಗಳಿಗೆ ಅಕ್ಕಿ ಅಳೆಯುವುದಿಲ್ಲ" ಎಂದು ಚಾವಡಿಯಲ್ಲಿ ಕೂತು ಹೇಳಿದರಂತೆ. ಅಜ್ಜ ಆಗ ವರ್ಷಕ್ಕೆ ಹತ್ತು ಮುಡಿ ಗೇಣಿ ಅಳೆಯುತ್ತಿದ್ದರು. 1974ರ ಮಾರ್ಚ್‌ನಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಾಗ ನಮ್ಮ ಬೈಲಿನಲ್ಲಿ ಮೊದಲು ಡಿಕ್ಲರೇಶನ್, ಅಂದರೆ ಗೇಣಿ ಭೂಮಿ ತನಗೆ ಬೇಕೆಂಬ ಅರ್ಜಿ, ಕೊಟ್ಟವರು ಅಜ್ಜ. ಅವರನ್ನು ನೋಡಿ ಆಚೆ ಮನೆಯವರು, ಅವರನ್ನು ನೋಡಿ ಇನ್ನೊಬ್ಬರು.

ಮಾವ ಹೇಳುವುದರಲ್ಲಿ ಸತ್ಯ ಉಂಟು. ಧೈರ್ಯ ಗಡಿ ದಾಟಿ ಬಂತು. ಆದರೆ ಆ ಧೈರ್ಯವನ್ನು ಕಾಗದದಲ್ಲಿ ಬರೆದು ಕೊಡಲು ಒಂದು ಭೂ ಟ್ರಿಬ್ಯೂನಲ್ ಇತ್ತು, ಕಾನೂನು ಮಾಡಲು ಜನರೇ ಆರಿಸಿದ ವಿಧಾನಸಭೆ ಇತ್ತು. ಕುವೈತಿನ ನೆರೆಯಲ್ಲಿ ಚಿಕ್ಕಮ್ಮಂದಿರು ಬೇಕಾದಷ್ಟಿದ್ದರು, ಅರ್ಜಿ ತೆಗೆದುಕೊಳ್ಳುವ ಮೇಜು ಇರಲಿಲ್ಲ.

ಕುವೈತಿಗೆ ಆ ಮೇಜು ಹೊರಗಿನಿಂದ ಬಂದದ್ದಲ್ಲ. ಮುತ್ತಿನ ವ್ಯಾಪಾರದ ಕಾಲದಿಂದಲೂ ಅಲ್ಲಿನ ದೊಡ್ಡ ಮನೆಗಳಿಗೆ ದಿವಾನಿಯಾ ಎಂಬ ಕೋಣೆಯಿದೆ. ಸಂಜೆ ಗಂಡಸರು ಸೇರಿ, ಚಹಾ ಕುಡಿಯುತ್ತಾ ಆಳುವವರ ಬಗ್ಗೆಯೂ ಮಾತಾಡುವ ಜಾಗ. ನಮ್ಮ ಗುತ್ತಿನ ಮನೆಯ ಚಾವಡಿ ನೆನಪಾಗುತ್ತದೆ. 1938ರಲ್ಲೇ ವರ್ತಕರು ಹಟ ಹಿಡಿದು ಒಂದು ಶಾಸನಸಭೆ ಮಾಡಿಸಿಕೊಂಡಿದ್ದರು. ಅದು ವರ್ಷ ತುಂಬುವ ಮೊದಲೇ ಮುಚ್ಚಿತು. ಆ ನೆನಪಿನ ಮೇಲೆ 1962ರ ಸಂವಿಧಾನ ನಿಂತಿತು, 1963ರ ಚುನಾವಣೆ ನಡೆಯಿತು.

ಪಕ್ಕದ ಬಹ್ರೈನ್ ಇದನ್ನು ನೋಡಿತು. 1973ರ ಅದರ ಸಂವಿಧಾನದಲ್ಲಿ ಕುವೈತಿನ ಅಚ್ಚು ಕಾಣುತ್ತದೆ. ಆ ವರ್ಷವೇ ಚುನಾವಣೆಯೂ ಆಯಿತು. ಆದರೆ 1975ರ ಆಗಸ್ಟ್‌ನಲ್ಲಿ ಬಹ್ರೈನ್ ತನ್ನ ಸಂಸತ್ತನ್ನು ಮುಚ್ಚಿತು, ಮರುವರ್ಷದ ಆಗಸ್ಟ್‌ನಲ್ಲಿ ಕುವೈತ್ ತನ್ನದನ್ನು. ಮುಚ್ಚುವುದೂ ಹಬ್ಬುತ್ತದೆ, ಮಾವ. ನೆರೆಯ ಅರಸನೂ ನೋಡುತ್ತಿರುತ್ತಾನೆ. 2010ರ ಡಿಸೆಂಬರ್‌ನಲ್ಲಿ ಟ್ಯುನೀಷಿಯಾದಲ್ಲಿ ಹೊತ್ತಿದ್ದು ಎರಡು ತಿಂಗಳಲ್ಲಿ ಬಹ್ರೈನಿನ ರಾಜಧಾನಿ ಮನಾಮದ ಮುತ್ತಿನ ವೃತ್ತಕ್ಕೆ ಬಂತು. ಮಾರ್ಚ್ 14ರಂದು ಸೌದಿ ಪಡೆ ಸಮುದ್ರದ ಮೇಲಿನ ಸೇತುವೆ ದಾಟಿ ಬಹ್ರೈನಿಗೆ ಬಂತು. ನಾಲ್ಕೇ ದಿನದಲ್ಲಿ ಆ ವೃತ್ತದ ಸ್ತಂಭವನ್ನೇ ಕೆಡವಿದರು. ಕುವೈತ್ ಮುಚ್ಚಿದ ಆರು ತಿಂಗಳಿಗೆ, 2024ರ ನವೆಂಬರ್‌ನಲ್ಲಿ, ಕತಾರ್ ಜನಮತ ಕೇಳಿ ತನ್ನ ಶೂರಾ ಎಂಬ ಸಲಹಾ ಸಭೆಯ ಚುನಾವಣೆಯನ್ನು ಕೈಬಿಟ್ಟಿತು.

ಬಂದೂಕಿನ ಜೊತೆ ಬಂದದ್ದಂತೂ ಹರಡಲೇ ಇಲ್ಲ. 2003ರಲ್ಲಿ ಅಮೆರಿಕದ ಸೇನೆ ಕುವೈತಿನ ಮರಳಿನಿಂದಲೇ ಇರಾಕಿಗೆ ನುಗ್ಗಿತು. ನಾನು ಆಗ ಅಲ್ಲೇ ಇದ್ದೆ. ಇರಾಕಿನ ಪ್ರಜಾಪ್ರಭುತ್ವ ಸುತ್ತಲಿಗೆಲ್ಲ ಮಾದರಿಯಾಗುತ್ತದೆ ಎಂದು ಬುಷ್ ಹೇಳುತ್ತಿದ್ದರು. ಆಮೇಲಿನ ರಕ್ತಪಾತ ನೋಡಿದ ನೆರೆಯವರಿಗೆ ಓಟಿಗಿಂತ ಭಯ ಹೆಚ್ಚು ಕಂಡಿತು.

ಆದರೂ ಮಾವನ ಮಾತನ್ನು ಪೂರ್ತಿ ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ, ಕಾರಣ ನನ್ನ ಗೆಳತಿ. ಹೆಂಗಸರಿಗೆ ಮತ ಕೊಡುವ ಮಸೂದೆ 1999ರಲ್ಲಿ ಬಿದ್ದದ್ದು ಮತ್ತೆ ತೆರೆದಿದ್ದ ಕುವೈತಿನ ಅದೇ ಚುನಾಯಿತ ಸಂಸತ್ತಿನಲ್ಲಿ, 32ಕ್ಕೆ 30 ಮತಗಳಿಂದ. ಅದೇ ವರ್ಷ ಕತಾರಿನ ಹೆಂಗಸರು ನಗರಸಭೆಗೆ ಮತ ಹಾಕಿದ್ದರು. 2002ರಲ್ಲಿ ಬಹ್ರೈನಿನವರೂ ಹಾಕಿದರು. "ನಾವು ಎಲ್ಲರಿಗಿಂತ ಮೊದಲು ಶುರು ಮಾಡಿದವರು, ನಮ್ಮ ಹೆಂಗಸರು ಮಾತ್ರ ಹಿಂದೆ" ಎಂದು ಅವಳು ಹಲ್ಲು ಕಚ್ಚಿ ಹೇಳುತ್ತಿದ್ದಳು. 2005ರ ಮೇ 16ಕ್ಕೆ ಹಕ್ಕು ಸಿಕ್ಕಿತು. 2006ರ ಜೂನ್ ಬಿಸಿಲಿನಲ್ಲಿ ತಾಯಿಯ ಕೈ ಹಿಡಿದು ಸಾಲಿನಲ್ಲಿ ನಿಂತಳು. 2009ರಲ್ಲಿ ನಾಲ್ವರು ಹೆಂಗಸರು ಗೆದ್ದ ರಾತ್ರಿ ವಾರ್ಡಿಗೆ ಖರ್ಜೂರ ತಂದು ಹಂಚಿದಳು. ಚಿಕ್ಕ ನೆರೆಯವರಿಂದ ದೊಡ್ಡ ಮನೆಗೂ ಒಂದಿಷ್ಟು ಬಂದಿತ್ತು.

ಜೂನ್ 3ಕ್ಕೆ ಡ್ಯೂಟಿಗೆ ಮರಳಿದೆ. ಗ್ಲೌಸ್ ಹಾಕುವಾಗ ಅವಳು ನನ್ನ ಎಡಗೈ ಹಿಡಿದುಕೊಂಡಳು. ಶಾಯಿ ಉಗುರಿನ ಅರ್ಧಕ್ಕೆ ಏರಿತ್ತು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದಳು.

"ನಿಮ್ಮ ಎಣಿಕೆ ಯಾವಾಗ?"

"ನಾಳೆ."

"ಗೆದ್ದವರು ಸಭೆ ಸೇರುತ್ತಾರೆ ಅಲ್ಲವಾ?"

"ಸೇರುತ್ತಾರೆ" ಎಂದೆ. ಅವಳು ಕೈ ಬಿಟ್ಟು ರೋಗಿಯ ಚಾರ್ಟ್ ತೆಗೆದುಕೊಂಡಳು.