ನಾಲ್ಕು ಗೋಲಿನ ಮ್ಯಾಚು

ಕೊಡಗಿನ ಶಾಲೆಗೆ ಪಿಟಿ ಟೀಚರ್ ಆಗಿ ಹೊರಟಾಗ ನಮ್ಮೂರಲ್ಲಿ ಎಲ್ಲರೂ ಒಂದೇ ಮಾತು ಕೇಳಿದರು. "ಅಲ್ಲಿ ಹಾಕಿ ನೀನು ಅವರಿಗೆ ಕಲಿಸ್ತೀಯೋ, ಅವರೇ ನಿನಗೆ ಕಲಿಸ್ತಾರೋ?" ನಮ್ಮದು ಹಾಸನದ ಕಡೆಯ ಊರು. ನಾನು ಸ್ಟಿಕ್ ಹಿಡಿದದ್ದೇ ಮೈಸೂರಿಗೆ ಕಾಲೇಜಿಗೆ ಹೋದ ಮೇಲೆ.

ಅವರ ಮಾತು ಅರ್ಧ ನಿಜ. ಇಲ್ಲಿ ಬೇಸಿಗೆ ಬಂತೆಂದರೆ ಮನೆಮಂದಿಯೆಲ್ಲ ಮೈದಾನಕ್ಕಿಳಿಯುತ್ತಾರೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಅದು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳು ಹೆಸರು ಕೊಟ್ಟಿದ್ದವು. ಅಜ್ಜ, ಸೊಸೆ, ಮೊಮ್ಮಗ ಒಂದೇ ಟೀಮಿನಲ್ಲಿ ಆಡುವುದನ್ನು ನೋಡಿದರೆ ಭಾರತ ತಂಡಕ್ಕೆ ಆಡಿದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥವರು ಎಲ್ಲಿಂದ ಬಂದರು ಅಂತ ಕೇಳಬೇಕಾಗಿಲ್ಲ.

ಆದರೆ ಮಿಕ್ಕರ್ಧ ನನ್ನ ಕ್ಲಾಸಿಗೆ ಬಂದರೆ ಗೊತ್ತಾಗುತ್ತದೆ. ಆರರಿಂದ ಎಂಟನೇ ಕ್ಲಾಸಿನ ಮಕ್ಕಳು. ಜಾಸ್ತಿ ಜನ ಕಾಫಿ ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುವವರು. ಕೆಲವರ ಅಪ್ಪ ಅಮ್ಮ ಅಸ್ಸಾಂನಿಂದ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಈ ಮಕ್ಕಳ ಮನೆಯಲ್ಲಿ ಸ್ಟಿಕ್ ಇಲ್ಲ. ಅವರ ಪಕ್ಕದಲ್ಲೇ ನಡೆಯಲು ಕಲಿತ ಕೂಡಲೇ ಸ್ಟಿಕ್ ಹಿಡಿದ ಹುಡುಗರೂ ಇದ್ದಾರೆ. ಇಬ್ಬರನ್ನೂ ಒಂದೇ ಮೈದಾನದಲ್ಲಿ ಆಡಿಸಬೇಕು. ನನ್ನ ಕೆಲಸ ಅದು.

ಇದು ಮಳೆ ಮುಗಿದು ನೆಲ ಗಟ್ಟಿಯಾದ ಮೇಲಿನ ಒಂದು ಶನಿವಾರದ ಕಥೆ. ಬೆಳಗಿನ ಸ್ಕೂಲು, ಪ್ರಾರ್ಥನೆ ಮುಗಿದ ಮೇಲೆ ಮೈದಾನ ನಮ್ಮದೇ. ಮೈದಾನ ಅಂದರೆ ಕೆಂಪು ಮಣ್ಣು, ಒಂದು ಕಡೆ ಸ್ವಲ್ಪ ಇಳಿಜಾರು. ಬಾಲ್ ತಪ್ಪಿದರೆ ಸೀದಾ ತೋಟದ ಬೇಲಿಗೆ. ಸ್ಟಿಕ್‌ಗಳು ಊರಿನ ಮನೆಗಳವರು ಹಳೆಯದಾಯಿತು ಅಂತ ಕೊಟ್ಟವು. ಸುಮಾರು ದೊಡ್ಡವರ ಅಳತೆಯವು. ಶಿನ್ ಗಾರ್ಡ್ ಎಲ್ಲರಿಗೂ ಸಾಲದು, ಆದ್ದರಿಂದ ಕೆಲವರ ಸಾಕ್ಸ್ ಒಳಗೆ ದಪ್ಪ ರಟ್ಟು. ಮ್ಯಾಚಿನ ಬಾಲ್ 160 ಗ್ರಾಂ ಆಸುಪಾಸು ತೂಗುತ್ತದೆ, ಕಲ್ಲಿನಷ್ಟು ಗಟ್ಟಿ. ರಟ್ಟಿನ ಮೇಲೆ ಅದನ್ನು ಬಿಡುವ ಧೈರ್ಯ ನನಗಿಲ್ಲ. ಹಾಗಾಗಿ ಹಗುರ ಪ್ಲಾಸ್ಟಿಕ್ ಬಾಲ್.

ಮೊದಲು ಎಂದಿನಂತೆ ಡ್ರಿಬ್ಲಿಂಗ್. ಚಪ್ಪಲಿಗಳನ್ನು ಸಾಲಾಗಿ ಇಟ್ಟು ಅವುಗಳ ನಡುವೆ ಬಾಲ್ ಒಯ್ಯಬೇಕು. ಹಾಕಿ ಸ್ಟಿಕ್ಕಿನ ಒಂದು ಮುಖ ಮಾತ್ರ ಚಪ್ಪಟೆ. ಆ ಮುಖದಲ್ಲೇ ಬಾಲ್ ಆಡಬೇಕು, ಹಿಂಭಾಗ ತಾಗಿದರೆ ಫೌಲ್. ಬಲಕ್ಕಿದ್ದ ಬಾಲನ್ನು ಎಡಕ್ಕೆ ಎಳೆಯುವುದು ಸುಲಭ. ಎಡದಿಂದ ಬಲಕ್ಕೆ ತರಬೇಕಾದರೆ ಸ್ಟಿಕ್ಕನ್ನೇ ಮಗುಚಬೇಕು. ಮಗುಚುವುದು ಮೇಲಿರುವ ಎಡಗೈ. ಕೆಳಗಿನ ಬಲಗೈ ಸಡಿಲ ಬಿಟ್ಟರೆ ಸ್ಟಿಕ್ ಅದರೊಳಗೇ ತಿರುಗುತ್ತದೆ. ಮಕ್ಕಳು ಬಲಗೈಯಲ್ಲೇ ಬಿಗಿಯಾಗಿ ಹಿಡಿಯುತ್ತಾರೆ, ಅಲ್ಲೇ ತೊಂದರೆ. "ಎಡಗೈ ಬೀಗ ತೆಗೀಲಿ, ಬಲಗೈ ಸುಮ್ನೆ ಇರಲಿ" ಅಂತ ನಾನು ದಿನಾ ಕೂಗುವುದು ಈಗ ಆರನೇ ಕ್ಲಾಸಿನವರಿಗೆ ಬಾಯಿಪಾಠ.

ಎಡಗೈ ಹುಡುಗನೊಬ್ಬ ಇದ್ದಾನೆ. ಬರೆಯುವುದು, ಕಲ್ಲು ಎಸೆಯುವುದು ಎಲ್ಲ ಎಡಗೈಯಲ್ಲಿ. ಹಾಕಿಯಲ್ಲಿ ಎಡಗೈಯವರಿಗೆ ಅಂತ ಬೇರೆ ಸ್ಟಿಕ್ ಇಲ್ಲ ಎಂದಾಗ ಮುಖ ಸಣ್ಣ ಮಾಡಿಕೊಂಡಿದ್ದ. ಈಗ ನೋಡಿದರೆ ಸ್ಟಿಕ್ ಮಗುಚುವುದರಲ್ಲಿ ಕ್ಲಾಸಿಗೇ ಅವನು ಮುಂದು.

ಚಪ್ಪಲಿ ಸಾಲಿನಲ್ಲಿ ಎಲ್ಲರೂ ಶಭಾಷ್. ಮ್ಯಾಚ್ ಶುರುವಾಗಿ ಎರಡು ನಿಮಿಷಕ್ಕೆ ಎಲ್ಲ ಮಾಯ. ಬಾಲ್ ಎಲ್ಲಿದೆಯೋ ಅಲ್ಲಿಗೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತುತ್ತಾರೆ. ಸ್ಟಿಕ್ಕಿಗೆ ಸ್ಟಿಕ್ ಹೊಡೆದ ಟಕಟಕ ಸದ್ದು, ಧೂಳು. ಕೊನೆಗೆ ಮನೆಯಲ್ಲೇ ಆಟ ಕಲಿತ ಎಂಟನೇ ಕ್ಲಾಸಿನ ಎತ್ತರದ ಹುಡುಗ ಗುಂಪಿನಿಂದ ಬಾಲ್ ಕಿತ್ತುಕೊಂಡು ಒಬ್ಬನೇ ಆ ತುದಿಯ ತನಕ ಓಡುತ್ತಾನೆ. ಗೋಲ್. ಮಿಕ್ಕವರು ಸೊಂಟಕ್ಕೆ ಕೈ ಇಟ್ಟು ನೋಡುತ್ತಾರೆ.

ಇದಕ್ಕೆ ಎಲ್ಲ ಕೋಚ್‌ಗಳೂ ಮೊದಲು ಹೇಳುವ ಮದ್ದು ಮೂರು ಪಾಸ್. ಮೂರು ಪಾಸ್ ಆಗದೆ ಗೋಲ್ ಲೆಕ್ಕವಿಲ್ಲ. ಆವತ್ತು ಅದನ್ನೂ ಹಾಕಿದೆ. ಮಕ್ಕಳು ನಮಗಿಂತ ಜಾಣರು. ಇಬ್ಬರು ಒಂದು ಅಡಿ ದೂರದಲ್ಲಿ ನಿಂತು ಟಕ್, ಟಕ್, ಟಕ್ ಅಂತ ಮೂರು ಸಲ ಮುಟ್ಟಿಸಿ "ಮೂರಾಯ್ತು ಟೀಚರ್!" ಅಂತ ಕೂಗಿದರು. ಆಮೇಲೆ ಮತ್ತೆ ಎತ್ತರದ ಹುಡುಗನದೇ ಓಟ.

ಅದನ್ನು ಬಿಟ್ಟು ಮೈದಾನವನ್ನೇ ಬದಲಾಯಿಸಿದೆ. ಅಂಕಣ ಸಣ್ಣದು ಮಾಡಿ, ತಂಡಕ್ಕೆ ನಾಲ್ಕು ಜನ. ಒಂದೊಂದು ತಂಡಕ್ಕೂ ಹೊಡೆಯಲು ಎರಡೆರಡು ಗೋಲ್, ನಡುವೆ ಅಲ್ಲ, ಎಡ ಮೂಲೆಗೊಂದು ಬಲ ಮೂಲೆಗೊಂದು. ಎರಡು ಚಪ್ಪಲಿ ಇಟ್ಟರೆ ಒಂದು ಗೋಲ್. ಕೀಪರ್ ಇಲ್ಲ. ಬೇರೆ ರೂಲ್ ಏನೂ ಹೇಳಲಿಲ್ಲ.

ಎತ್ತರದ ಹುಡುಗ ಎಂದಿನಂತೆ ಬಲಕ್ಕೆ ನುಗ್ಗಿದ. ಎದುರಿನ ನಾಲ್ವರೂ ಅಲ್ಲೇ. ಎಡದ ಗೋಲ್ ಖಾಲಿ. ಆ ಖಾಲಿ ಗೋಲಿನ ಹತ್ತಿರ ಅವನದೇ ತಂಡದ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ನಿಂತಿದ್ದಳು. ಲೈನ್ ಮನೆಯ ಹುಡುಗಿ, ಸಣಕಲು, ಸ್ಟಿಕ್ ಅವಳ ಎದೆಮಟ್ಟ. ಅವಳು ಲೆಕ್ಕ ಹಾಕಿ ನಿಂತವಳಲ್ಲ. ಗುಂಪಿಗೆ ಹೋದರೆ ಕಾಲಿಗೆ ಪೆಟ್ಟು ಬೀಳುತ್ತದೆ ಎಂಬ ಹೆದರಿಕೆಗೆ ದೂರ ನಿಲ್ಲುವವಳು. ಹಿಂದಿನ ಆಟಗಳಲ್ಲೂ ಹೀಗೇ ನಿಲ್ಲುತ್ತಿದ್ದಳು, ಬಾಲ್ ಮುಟ್ಟದೆ ಕ್ಲಾಸಿಗೆ ಹೋಗುತ್ತಿದ್ದಳು.

ನಾನು ಸೀಟಿ ಊದಿ "ಸ್ಟ್ಯಾಚು!" ಎಂದೆ. ಆ ಆಟ ಎಲ್ಲರಿಗೂ ಗೊತ್ತು. ಇದ್ದಲ್ಲೇ ನಿಂತರು. "ಈಗ ಕತ್ತು ಮಾತ್ರ ತಿರುಗಿಸಿ ಸುತ್ತ ನೋಡಿ." ಏಳು ಜನ ಒಂದು ಚಾಪೆಯಷ್ಟು ಜಾಗದಲ್ಲಿ. ಆ ಕಡೆ ಅವಳೊಬ್ಬಳೇ. ಒಬ್ಬ ಕಿಸಕ್ಕನೆ ನಕ್ಕ. ಆಮೇಲೆ ಎಲ್ಲರೂ ನಕ್ಕರು. ನಾನು ಏನೂ ವಿವರಿಸದೆ ಮತ್ತೆ ಸೀಟಿ ಊದಿದೆ.

ಎತ್ತರದ ಹುಡುಗ ಒಂದು ಗಳಿಗೆ ಯೋಚಿಸಿ ಎಡಕ್ಕೆ ಪುಶ್ ಮಾಡಿದ. ಹುಡುಗಿ ಕಾಲಲ್ಲಿ ನಿಲ್ಲಿಸಿದಳು. ಫೌಲ್. "ಇದಕ್ಕೇ ನಾನು ಕೊಡಲ್ಲ ಟೀಚರ್" ಎಂದು ಅವನು ಗೊಣಗಿದ. ಅವಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹತ್ತಿರ ಹೋಗಿ ಸ್ಟಿಕ್ಕನ್ನು ಇನ್ನಷ್ಟು ಕೆಳಗೆ ಹಿಡಿಸಿದೆ, ಮಂಡಿ ಬಗ್ಗಿಸಿ ಸ್ಟಿಕ್ಕಿನ ತಲೆ ಮೊದಲೇ ನೆಲಕ್ಕೆ ಇಟ್ಟುಕೊಳ್ಳಲು ಹೇಳಿದೆ. ಮಣ್ಣಿನ ನೆಲದಲ್ಲಿ ಬಾಲ್ ಪುಟಿಯುತ್ತದೆ. ಪೊನ್ನಂಪೇಟೆಯ ಕೃತಕ ಹುಲ್ಲಿನ ಟರ್ಫ್ ಮೈದಾನದ ಥರ ನೇರ ಬರುವುದಿಲ್ಲ. ಬಾಲ್ ತಾಗುವಾಗ ಕೈ ಸ್ವಲ್ಪ ಹಿಂದೆ ಬಿಟ್ಟುಕೊಟ್ಟರೆ ಮಾತ್ರ ನಿಲ್ಲುತ್ತದೆ. ಈ ಪಾಠ ಹಿಂದೆಯೂ ಹೇಳಿದ್ದೆ. ಆದರೆ ಆಗ ಅವಳಿಗೆ ಅದು ಬೇಕಿರಲಿಲ್ಲ. ಬಾಲೇ ಬರದವಳಿಗೆ ನಿಲ್ಲಿಸುವುದು ಯಾಕೆ, ಅಲ್ವಾ?

ಮುಂದಿನ ಸಲ ಬಾಲ್ ಬಂದಾಗ ಸ್ಟಿಕ್ಕಿಗೆ ತಾಗಿ ನಿಂತಿತು. ಮೆಲ್ಲಗೆ ತಳ್ಳಿದಳು. ಚಪ್ಪಲಿಗಳ ನಡುವೆ ಹೋಯಿತು.

"ಆಫ್‌ಸೈಡ್! ಆ ಹುಡುಗಿ ಆಫ್‌ಸೈಡ್!" ಬೇಲಿಯ ಆಚೆಯಿಂದ ಕೂಗು. ಎದುರು ತಂಡದವರನ್ನು ದಾಟಿ ಮುಂದೆ ನಿಂತು ಬಾಲ್ ಪಡೆದರೆ ಹಿಂದೆಲ್ಲ ಅದು ಫೌಲ್. ಮಿಲಿಟರಿಯಿಂದ ರಿಟೈರ್ ಆದವರೊಬ್ಬರು ಬೆಳಗಿನ ವಾಕ್ ಮುಗಿಸಿ ನಮ್ಮ ಆಟ ನೋಡುತ್ತ ನಿಲ್ಲುವುದುಂಟು.

"ಆಫ್‌ಸೈಡ್ ಈಗ ಇಲ್ಲ ಸರ್. ತೆಗೆದು ಇಪ್ಪತ್ತೈದು ವರ್ಷದ ಮೇಲಾಯ್ತು."

"ಯಾರು ತೆಗೆದದ್ದು?" ನಾನೇ ತೆಗೆದೆನೇನೋ ಎಂಬಂತೆ ಕೇಳಿದರು. "ಹಾಗಾದ್ರೆ ಎಲ್ಲರೂ ಮುಂದೆ ಹೋಗಿ ನಿಲ್ಲಬಹುದಾ?"

"ನಿಲ್ಲಬಹುದು ಸರ್. ಹಿಂದೆ ಯಾರು ಕಾಯ್ತಾರೆ ಅನ್ನೋದಷ್ಟೇ ಪ್ರಶ್ನೆ."

ಅವರ ಈ ಪ್ರಶ್ನೆ ಮಕ್ಕಳ ಕಿವಿಗೆ ಬಿದ್ದದ್ದು ಒಳ್ಳೆಯದೇ ಆಯಿತು. ಎದುರು ತಂಡದಲ್ಲಿ ಒಬ್ಬ ತಾನಾಗಿಯೇ ಹಿಂದೆ ಸರಿದು ಹುಡುಗಿಯ ಪಕ್ಕ ನಿಂತ. ಅವನು ಅಲ್ಲಿಗೆ ಹೋದ ಕೂಡಲೇ ಬಲಗಡೆ ಜಾಗ ಬಿಡುವಾಯಿತು. ಎತ್ತರದ ಹುಡುಗ ಈಗ ಎಡಕ್ಕೆ ನೋಡುವ ಹಾಗೆ ಮಾಡಿ ಬಲಕ್ಕೆ ಹೋದ. ಇಷ್ಟನ್ನು ಬೋರ್ಡಿನ ಮೇಲೆ ಗೀಟು ಎಳೆದು ಕಲಿಸುವುದಕ್ಕೆ ನನಗೆ ತಿಂಗಳು ಬೇಕಾಗುತ್ತಿತ್ತು, ಆದರೂ ಹತ್ತುತ್ತಿತ್ತೋ ಇಲ್ಲವೋ.

ಎಲ್ಲ ಸರಿಹೋಯಿತು ಅಂತಲ್ಲ. ಕೊನೆಯ ಹತ್ತು ನಿಮಿಷ ಮತ್ತೆ ಇರುವೆ ಗುಂಪೇ. ಒಬ್ಬ ಸ್ಟಿಕ್ಕನ್ನು ಭುಜದ ಮೇಲೆ ಎತ್ತಿದ್ದಕ್ಕೆ ಹೊರಗೆ ಕೂರಿಸಿದೆ. ಬಾಲ್ ಎರಡು ಸಲ ತೋಟಕ್ಕೆ ಹೋಯಿತು.

ಚಪ್ಪಲಿ ಹುಡುಕಿ ಹಾಕಿಕೊಳ್ಳುತ್ತ ಎತ್ತರದ ಹುಡುಗ ಕೇಳಿದ, "ನಿಜವಾದ ಮ್ಯಾಚಲ್ಲಿ ಎರಡೇ ಗೋಲಲ್ವಾ ಟೀಚರ್? ಆಗ ಏನ್ ಮಾಡೋದು?"

ಹೌದಲ್ಲ. ನಿಜವಾದ ಆಟದಲ್ಲಿ ಗೋಲ್ ನಡುವೆ ಇರುತ್ತದೆ, ಎದುರು ತಂಡದ ಡಿ, ಅಂದರೆ ಗೋಲಿನ ಮುಂದೆ ಎಳೆದ ಅರ್ಧವೃತ್ತದಂಥ ಗೆರೆ, ಅದರ ಒಳಗಿನಿಂದ ಹೊಡೆದರೆ ಮಾತ್ರ ಲೆಕ್ಕ. ಹಾಗಾದರೆ ಅಂಚಿಗೆ ಯಾಕೆ ಹೋಗಬೇಕು ಎಂಬುದು ಮುಂದಿನ ಪಾಠ. ಮುಂದಿನ ಶನಿವಾರಕ್ಕೆ ಡಿ ಎಳೆಯಬೇಕು, ದೊಡ್ಡವರ ಅಳತೆಯದಲ್ಲ, ಇವರ ಹತ್ತು ಹೆಜ್ಜೆಯದು. ಸುಣ್ಣಕ್ಕೆ ಹೆಡ್ ಮೇಡಂ ಹತ್ತಿರ ಕೇಳಿದ್ದೇನೆ. ಹೋದ ಸಲ ತಂದ ಸುಣ್ಣ ಏನಾಯಿತು ಅಂತ ಅವರು ಕೇಳಿದರು. ಮಳೆಗೆ ಹೋಯಿತು ಎಂದೆ.