ಕಾಫಿಗೆ ನೆರಳು, ರಾಗಿಗೆ ಬಿಸಿಲು

ಚಿಕ್ಕಮಗಳೂರಿನ ನಮ್ಮ ಶಾಲೆಯಲ್ಲಿ ಎರಡು ಸೀಮೆಯ ಮಕ್ಕಳಿದ್ದೆವು: ಮೂಡಿಗೆರೆ, ಆಲ್ದೂರು ಕಡೆಯ ಕಾಫಿ ತೋಟದವರು ಮತ್ತು ಕಡೂರು, ಬೀರೂರು ಕಡೆಯ ರಾಗಿ ಹೊಲದವರು. ಜೀವಶಾಸ್ತ್ರದ ಮೇಷ್ಟ್ರು ದ್ಯುತಿಸಂಶ್ಲೇಷಣೆಯ ಪಾಠವನ್ನು ಆರಂಭಿಸಿದ್ದು ಈ ಎರಡೂ ಗುಂಪಿಗೆ ಒಂದೇ ಪ್ರಶ್ನೆ ಹಾಕಿ: ಗಿಡಕ್ಕೆ ಆಹಾರ ಸಿಗುವುದು ಬಿಸಿಲಿನಿಂದಲೇ ಆದರೆ, ಕಾಫಿಗೆ ನೆರಳೇಕೆ, ರಾಗಿಗೆ ಏಕಿಲ್ಲ?

ಉತ್ತರಕ್ಕೆ ಮೊದಲು ಪ್ರಯೋಗವಾಯಿತು. ಎರಡು ದಿನ ಕತ್ತಲಲ್ಲಿಟ್ಟ ದಾಸವಾಳದ ಗಿಡದ ಒಂದೆಲೆಗೆ ಅರ್ಧದಷ್ಟು ಕಪ್ಪು ಕಾಗದ ಸುತ್ತಿ, ಬಿಸಿಲಿಗಿಟ್ಟು, ಸಂಜೆ ಅದನ್ನು ಕಿತ್ತು ಸ್ಪಿರಿಟ್ಟಿನಲ್ಲಿ ಹಾಕಿ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿದೆವು. ಹಸಿರೆಲ್ಲ ಸ್ಪಿರಿಟ್ಟಿಗಿಳಿದು, ಎಲೆ ಬಿಳಿಚಿ, ಮುಟ್ಟಿದರೆ ಮುರಿಯುವಷ್ಟು ಪೆಡಸಾಯಿತು. ಅದನ್ನು ಬಿಸಿನೀರಿನಲ್ಲಿ ಅದ್ದಿ ಮೆದುವಾಗಿಸಿ ಅಯೋಡಿನ್ ಹನಿಸಿದಾಗ ಬಿಸಿಲು ಬಿದ್ದ ಭಾಗ ಕಡುನೀಲಿಗೆ ತಿರುಗಿತು. ಕಾಗದದಡಿಯ ಭಾಗದಲ್ಲಿ ಅಯೋಡಿನ್ನಿನ ಕಂದು ಬಣ್ಣವಷ್ಟೇ ಉಳಿಯಿತು. ಅಯೋಡಿನ್ ತಾಕಿದರೆ ನೀಲಿಯಾಗುವ ಪಿಷ್ಟ, ಅಂದರೆ ಎಲೆ ಕೂಡಿಟ್ಟ ಆಹಾರ, ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಕಾಗದದ ಅಂಚೇ ಗೆರೆ ಎಳೆದಂತೆ ತೋರಿಸುತ್ತಿತ್ತು.

ನಂತರದ ವಿವರಣೆ ದೀರ್ಘವಾಗಿತ್ತು. ಎಲೆಯ ಹಸಿರು ವರ್ಣಕವಾದ ಪತ್ರಹರಿತ್ತು ಮುಖ್ಯವಾಗಿ ಕೆಂಪು ಮತ್ತು ನೀಲಿ ಬೆಳಕನ್ನು ಹೀರಿ, ಆ ಶಕ್ತಿಯಿಂದ ನೀರಿನ ಅಣುವನ್ನು ಒಡೆಯುತ್ತದೆ. ಹೊರಬೀಳುವ ಆಮ್ಲಜನಕ ನೀರಿನದೇ ಹೊರತು ಇಂಗಾಲದ ಡೈಆಕ್ಸೈಡಿನದಲ್ಲ ಎಂಬುದಕ್ಕೆ 1941ರಲ್ಲಿ ರೂಬೆನ್ ಮತ್ತು ಕಾಮೆನ್ ಭಾರವಾದ ಆಮ್ಲಜನಕವನ್ನು ಬಳಸಿ ಪುರಾವೆ ಒದಗಿಸಿದರು. ಬೆಳಕಿನಿಂದ ದೊರೆತ ಶಕ್ತಿಯನ್ನು ಬಳಸಿ ಇಂಗಾಲವು ಸಕ್ಕರೆಯಾಗುವ ಚಕ್ರವನ್ನು ವಿಕಿರಣಶೀಲ ಇಂಗಾಲದ ನೆರವಿನಿಂದ ಗುರುತಿಸಿದ ಮೆಲ್ವಿನ್ ಕಾಲ್ವಿನ್‌ಗೆ 1961ರಲ್ಲಿ ನೊಬೆಲ್ ಬಂತು. ಪರೀಕ್ಷೆಗೆ ಇಷ್ಟು ಸಾಕಾಗಿತ್ತು. ಮೇಷ್ಟ್ರಿಗೆ ಮಾತ್ರ ಸಾಲಲಿಲ್ಲ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇಕಡಾ 0.04ರಷ್ಟು ಮಾತ್ರ. ಅದನ್ನು ಹಿಡಿಯಬೇಕಾದ ರುಬಿಸ್ಕೋ ಎಂಬ ಕಿಣ್ವ ನಿಧಾನಿ. ಅಷ್ಟೇ ಅಲ್ಲ, ಬಿಸಿಲು ಏರಿದಂತೆ ಇಂಗಾಲದ ಬದಲು ಆಮ್ಲಜನಕವನ್ನು ಹಿಡಿಯುವುದು ಹೆಚ್ಚುತ್ತದೆ. ಕಾಡಿನ ಮರಗಳ ಕೆಳಗೆ ಹುಟ್ಟಿ ಬೆಳೆದ ಕುಲದ ಕಾಫಿಯ ಎಲೆಗೆ ಪೂರ್ಣ ಬಿಸಿಲಿನ ಒಂದು ಪಾಲಷ್ಟೇ ಸಾಕು. ಅದಕ್ಕಿಂತ ಹೆಚ್ಚಿನದು ಸಕ್ಕರೆಯಾಗದೆ, ಬೆಳಕು ಹಿಡಿಯುವ ವ್ಯವಸ್ಥೆಗೇ ಹಾನಿ ಮಾಡಬಲ್ಲದು. ಉರಿಬಿಸಿಲಿನ ಒಣಹವೆಗೆ ಎಲೆಯ ತಳದಲ್ಲಿ ಗಾಳಿಯಾಡುವ ಸಣ್ಣ ತೂತುಗಳಾದ ಪತ್ರರಂಧ್ರಗಳು ಮುಚ್ಚಿಕೊಂಡರೆ ಇಂಗಾಲದ ದಾರಿಯೂ ಕಟ್ಟಿಹೋಗುತ್ತದೆ. ಸಿಲ್ವರ್ ಓಕ್, ಹಾಲುವಾಣಗಳ ನೆರಳು ಇರುವುದು ಇದಕ್ಕೇ. ಮಳೆಗಾಲದ ಮೋಡ ಬೆಳಕನ್ನು ಕಡಿಮೆ ಮಾಡುವುದರಿಂದ ಮುಂಗಾರಿಗೆ ಮುನ್ನ ಮರಗಸಿ ಮಾಡಿ, ಅಂದರೆ ನೆರಳಿನ ಮರಗಳ ಕೊಂಬೆ ಸವರಿ, ನೆರಳು ತೆಳುವಾಗಿಸುತ್ತಾರೆ. ತೋಟದ ಆಳುಗಳು ಕತ್ತಿ ಹಿಡಿದು ಮರವೇರುವುದನ್ನು ವರ್ಷವರ್ಷ ಕಂಡಿದ್ದ ಹುಡುಗರು ಅದಕ್ಕೂ ಪಾಠಕ್ಕೂ ನಂಟಿದೆಯೆಂದು ತಿಳಿದದ್ದು ಅಂದೇ.

ಆಗ ಕಡೂರಿನವರ ಸರದಿ. ರಾಗಿಯ ಎಲೆ ಮೊದಲು ಬೇರೊಂದು ಕಿಣ್ವದಿಂದ ಇಂಗಾಲವನ್ನು ಹಿಡಿದು, ನಾಳಗಳ ಸುತ್ತಲಿನ ಕೋಶಗಳಿಗೆ ಸಾಗಿಸಿ, ಅಲ್ಲಿ ರುಬಿಸ್ಕೋಗೆ ಒತ್ತೊತ್ತಾಗಿ ಒದಗಿಸುತ್ತದೆ; ಆದ್ದರಿಂದ ಆಮ್ಲಜನಕದ ಕಾಟ ಅದಕ್ಕೆ ಕಡಿಮೆ. ಕಬ್ಬು, ಜೋಳಗಳದೂ ಇದೇ ಕ್ರಮ. ಪತ್ರರಂಧ್ರಗಳನ್ನು ಹೆಚ್ಚು ತೆರೆಯದೆಯೇ ಬೇಕಾದಷ್ಟು ಇಂಗಾಲ ದಕ್ಕುವುದರಿಂದ ನೀರೂ ಉಳಿಯುತ್ತದೆ. ಮಳೆ ಕಡಿಮೆಯಾದ ಬಯಲುಸೀಮೆಯಲ್ಲಿ ಒಂದು ಮರದ ನೆರಳೂ ಇಲ್ಲದೆ ರಾಗಿ ತೆನೆ ಕಟ್ಟುವುದಕ್ಕೆ ಇದೂ ಒಂದು ಕಾರಣವೆಂದಾಗ, ತೋಟದವರ ದೊಡ್ಡಸ್ತಿಕೆಯನ್ನು ಅಲ್ಲಿಯವರೆಗೆ ಸಹಿಸಿಕೊಂಡಿದ್ದ ಹಿಂದಿನ ಬೆಂಚಿನ ಕಡೂರಿನವರು ಮೇಜು ಕುಟ್ಟಿದರು, ಮೇಷ್ಟ್ರು ತಡೆಯಲಿಲ್ಲ.