ಬ್ಯಾಗಿಗೆ ಲ್ಯಾಪ್‌ಟಾಪ್ ಹಾಕೋದಾ, ಬೇಡ್ವಾ?

ಜೂನ್ 1, 2025, ಭಾನುವಾರ. ರಾತ್ರಿ ಒಂಬತ್ತೂವರೆ.

ನಾಳೆಯಿಂದ ಶಾಲೆ. ಬ್ಯಾಗ್ ತುಂಬಿ ಆಯ್ತು, ಒಂದು ವಸ್ತು ಬಿಟ್ಟು. ಅದು ಮುಚ್ಚಿಕೊಂಡು ಮೇಜಿನ ಮೇಲೆ ಕೂತಿದೆ. ಮೂರು ದಿನದಿಂದ ಅದನ್ನು ಬ್ಯಾಗಿಗೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು, ಇದೇ ಕೆಲಸ. ಇವತ್ತು ಮಲಗುವ ಮುಂಚೆ ಒಂದು ತೀರ್ಮಾನಕ್ಕೆ ಬರಲೇಬೇಕು. ಬರೆಯುತ್ತಾ ಹೋದರೆ ನನಗೆ ತಲೆ ತಿಳಿಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆಯಿಂದ ಬಂದ ಸುತ್ತೋಲೆಯಲ್ಲಿ ಇದ್ದದ್ದು ಎರಡೇ ಸಾಲು. ಹೈಸ್ಕೂಲಿನವರು ಬೇಕಿದ್ದರೆ ಸ್ವಂತ ಲ್ಯಾಪ್‌ಟಾಪ್ ತರಬಹುದು. ಕಳೆದರೆ, ಒಡೆದರೆ ಶಾಲೆ ಜವಾಬ್ದಾರಿ ಅಲ್ಲ. ಮೊದಲನೇ ಸಾಲು ಓದಿ ನಾನು ಕುಣಿದೆ. ಎರಡನೇ ಸಾಲನ್ನು ಅಮ್ಮ ಎರಡು ಸಲ ಗಟ್ಟಿಯಾಗಿ ಓದಿದಳು.

ಲ್ಯಾಪ್‌ಟಾಪ್ ಅಕ್ಕನದು. ಅವಳು ಕಾಲೇಜಿಗೆ ಹೊಸದು ತಗೊಂಡಾಗ ಇದು ನನ್ನ ಪಾಲಿಗೆ ಬಂತು. ಐದು ವರ್ಷ ಹಳೆಯದು. ಬಲಗಡೆಯ ಹಿಂಜ್ ಸಡಿಲವಾಗಿದೆ, ಪರದೆ ಎತ್ತುವಾಗ ಟಕ್ ಅನ್ನುತ್ತದೆ. ಸ್ಪೇಸ್‌ಬಾರ್ ಮೇಲೆ ಒಂದು ಕಡೆ ಮಾತ್ರ ಅಕ್ಕನ ಹೆಬ್ಬೆರಳು ತಾಗಿ ತಾಗಿ ನುಣುಪಾಗಿ ಹೊಳೆಯುತ್ತದೆ. ನನ್ನ ಹೆಬ್ಬೆರಳೂ ಈಗ ಸರಿಯಾಗಿ ಅಲ್ಲೇ ಕೂರುತ್ತದೆ. ಇದರೊಳಗೆ ನಾನು ಎರಡು ವರ್ಷದಿಂದ ಬರೆದ ಕಥೆಗಳಿವೆ, ಅರ್ಧಕ್ಕೆ ನಿಂತವೇ ಜಾಸ್ತಿ. ಹೊಸದು ಯಾವಾಗಲಾದರೂ ತಗೋಬಹುದು. ಆದರೆ ಇದು ಹೋದರೆ ಇದೇ ಮತ್ತೆ ಸಿಗುವುದಿಲ್ಲ, ಅಲ್ವಾ?

ಮೊದಲು ತೂಕ ನೋಡಿದೆ. ಪುಸ್ತಕ, ನೋಟ್ಸು, ನೀರಿನ ಬಾಟಲಿ ಸೇರಿ ಬ್ಯಾಗು 4.6 ಕಿಲೋ. ಲ್ಯಾಪ್‌ಟಾಪ್ 1.9, ಚಾರ್ಜರ್ 0.3. ಒಟ್ಟು 6.8. ಬ್ಯಾಗಿನ ಭಾರ ಮೈತೂಕದ ಹತ್ತನೇ ಒಂದು ಭಾಗದ ಹತ್ತಿರ ಇರಲಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ತೂಕ 48 ಕಿಲೋ. ಅಂದರೆ ಲ್ಯಾಪ್‌ಟಾಪ್ ಇಲ್ಲದೆಯೇ ಲೆಕ್ಕ ತುಂಬಿತು. ಬ್ಯಾಗು ಹೆಗಲಿಗೆ ಹಾಕಿ ಮನೆಯೊಳಗೆ ಹತ್ತು ಸುತ್ತು ಹಾಕಿದೆ. ನಡೆಯಬಹುದು, ಆದರೆ ದಿನಾ ಅಂದರೆ ಕಷ್ಟ.

ಆಮೇಲೆ ಬ್ಯಾಟರಿ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಒಂದು ಕಮಾಂಡ್ ಇದೆ, ಅಕ್ಕ ಹೇಳಿಕೊಟ್ಟಳು. ಹೊಸದರಲ್ಲಿ 42,000 ಮಿಲಿವ್ಯಾಟ್-ಅವರ್ ಹಿಡಿಯುತ್ತಿದ್ದದ್ದು ಈಗ 25,200 ಹಿಡಿಯುತ್ತದೆ. ನೂರಕ್ಕೆ ಅರವತ್ತು. ಲಿಥಿಯಂ ಬ್ಯಾಟರಿ ಹಾಗೆಯೇ. ಚಾರ್ಜ್ ಆಗಿ ಖಾಲಿಯಾಗುವ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಬಿಸಿಯಲ್ಲಿ ಇಟ್ಟರೆ ಬೇಗ ಸವೆಯುತ್ತದೆ. ನನ್ನದು ಎರಡೂವರೆ ಗಂಟೆ ಬಂದರೆ ಹೆಚ್ಚು. ಕ್ಲಾಸ್‌ರೂಮಿನಲ್ಲಿ ಪ್ಲಗ್ ಇರುವುದು ಎರಡು, ಒಂದು ಪ್ರೊಜೆಕ್ಟರಿಗೆ. ಇಡೀ ದಿನ ಇದರ ಮೇಲೆ ನೋಟ್ಸ್ ಬರೆಯುವ ಮಾತು ಅಲ್ಲಿಗೇ ಮುಗಿಯಿತು.

ಹಾಗಾದರೆ ಬೇಡ ಅಂತ ಬಿಟ್ಟುಬಿಡಬಹುದಿತ್ತಲ್ಲ, ಯಾಕೆ ಬಿಡಲಿಲ್ಲ? ಕಂಪ್ಯೂಟರ್ ಲ್ಯಾಬಿನಿಂದಾಗಿ.

ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು. ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಮೊದಲಿನ ಸ್ಥಿತಿಗೆ ಬರುವ ಹಾಗೆ ಇಟ್ಟಿದ್ದಾರೆ. ನೂರಾರು ಮಕ್ಕಳು ಮುಟ್ಟುವ ಯಂತ್ರ, ಹಾಗೆ ಇಡದಿದ್ದರೆ ನಡೆಯುವುದಿಲ್ಲ, ನನಗೆ ಅರ್ಥವಾಗುತ್ತದೆ. ಆದರೆ ಕಳೆದ ವರ್ಷ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆಯುತ್ತಿದ್ದೆ. ಮಳೆ ಎಷ್ಟು ಬಿತ್ತು ಅಂತ ದಿನಾ ಅಳೆದು ಬರೆದಿಟ್ಟ ಅಂಕಿಗಳಿಂದ ಗ್ರಾಫ್ ಬಿಡಿಸುವ ಪ್ರೋಗ್ರಾಂ. ಗ್ರಾಫ್ ಬಿಡಿಸಲು ಬೇಕಾದ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಲ್ಯಾಬಿನ ಯಂತ್ರದಲ್ಲಿ ಇರಲಿಲ್ಲ, ಹಾಕಿಕೊಳ್ಳಲು ನಮಗೆ ಅನುಮತಿಯೂ ಇರಲಿಲ್ಲ. ಮನೆಯಲ್ಲಿ ಓಡುತ್ತಿದ್ದದ್ದು ಅಲ್ಲಿ ಮೊದಲ ಸಾಲಿಗೇ ನಿಂತಿತು. ಟೀಚರ್ ಪಕ್ಕದಲ್ಲಿ ನಿಂತು ಕಾಯುತ್ತಿದ್ದರು. ನನ್ನ ಹತ್ತಿರ ತೋರಿಸಲು ಕೆಂಪು ಅಕ್ಷರದ ಎರರ್ ಬಿಟ್ಟು ಏನೂ ಇರಲಿಲ್ಲ. ಅವರು ಬೈಯಲಿಲ್ಲ. "ಮನೆಯಲ್ಲಿ ಓಡ್ತಿತ್ತಾ?" ಅಂತ ಕೇಳಿದರು. ಹೌದು ಅಂದೆ. ಅವರು ನಂಬಿದರು. ಆದರೂ ಓಡಿಸಿ ತೋರಿಸಬೇಕಿತ್ತು ಅನ್ನುವ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ಸ್ವಂತ ಲ್ಯಾಪ್‌ಟಾಪ್ ಅಲ್ಲಿ ಜೊತೆಗಿದ್ದಿದ್ದರೆ ಎರಡು ನಿಮಿಷದ ಕೆಲಸ.

ಅದಕ್ಕೇ ನನ್ನ ಮನಸ್ಸು ಪೂರ್ತಿ 'ಒಯ್ಯೋಣ' ಕಡೆಗೇ ಇತ್ತು. ನಿನ್ನೆ ಸಂಜೆಯವರೆಗೆ.

ನಿನ್ನೆ ಅಕ್ಕನಿಗೆ ಫೋನ್ ಮಾಡಿದಾಗ ಅವಳು ಕೇಳಿದ್ದು ಒಂದೇ. "ನಿನ್ನ ಹಿಂದೆ ಯಾರು ಕೂರ್ತಾರೆ?"

ನನಗೆ ಅರ್ಥವಾಗಲಿಲ್ಲ. ಅವಳು ಒಂದು ಅಧ್ಯಯನದ ಬಗ್ಗೆ ಹೇಳಿದಳು, ಆಮೇಲೆ ನಾನೂ ಹುಡುಕಿ ಓದಿದೆ. ಕೆನಡಾದಲ್ಲಿ ಫರಿಯಾ ಸನಾ, ಟೀನಾ ವೆಸ್ಟನ್, ನಿಕೊಲಸ್ ಸೆಪೆಡಾ ಅನ್ನುವವರು ಮಾಡಿದ್ದು, 2013ರಲ್ಲಿ ಪ್ರಕಟವಾಗಿದೆ. ಪಾಠ ಕೇಳುತ್ತಾ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸವನ್ನೂ ಮಾಡಿದವರು ಆಮೇಲಿನ ಪರೀಕ್ಷೆಯಲ್ಲಿ ಶೇ. 11ರಷ್ಟು ಕಡಿಮೆ ಅಂಕ ತೆಗೆದರು. ಇದು ಯಾರಾದರೂ ಊಹಿಸಬಹುದಾದದ್ದೇ. ಎರಡನೇ ಪ್ರಯೋಗದಲ್ಲಿ ವಿದ್ಯಾರ್ಥಿಗಳ ಕೈಯಲ್ಲಿ ಇದ್ದದ್ದು ಬರೀ ಪೇಪರು, ಪೆನ್ಸಿಲ್. ಅವರಲ್ಲಿ ಕೆಲವರ ಕಣ್ಣಿಗೆ ಬೀಳುವ ಹಾಗೆ ಮುಂದೆ ಯಾರೋ ಲ್ಯಾಪ್‌ಟಾಪಿನಲ್ಲಿ ಬೇರೆ ಏನೇನೋ ತೆರೆದಿದ್ದರು. ಹಾಗೆ ಕೂತವರ ಅಂಕ, ಪರದೆ ಕಾಣದ ಕಡೆ ಕೂತವರಿಗಿಂತ ಶೇ. 17ರಷ್ಟು ಕಡಿಮೆ. ಅವರೆಲ್ಲ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರು, ನಮಗಿಂತ ದೊಡ್ಡವರು.

ಓದುತ್ತಿದ್ದ ಹಾಗೇ ನನಗೆ ಗಾಜಿನ ಲೋಟ ನೆನಪಾಯಿತು.

ಕಳೆದ ವರ್ಷ ಬೆಳಕಿನ ವಕ್ರೀಭವನದ ಪಾಠ. ಟೀಚರ್ ನೀರು ತುಂಬಿದ ಗಾಜಿನ ಲೋಟ ಮೇಜಿನ ಮೇಲೆ ಇಟ್ಟು ಅದರೊಳಗೆ ಹಳದಿ ಪೆನ್ಸಿಲ್ ಇಳಿಸಿದರು. ನೀರಿನ ಮಟ್ಟದಲ್ಲಿ ಪೆನ್ಸಿಲ್ ಮುರಿದ ಹಾಗೆ ಕಂಡಿತು. ಅಷ್ಟು ಚೆನ್ನಾಗಿ ನೆನಪಿದೆ. ಅದರ ನಂತರ ಅವರು ಏನು ಹೇಳಿದರು? ಒಂದು ಮಾತೂ ನೆನಪಿಲ್ಲ. ನನ್ನ ಮುಂದಿನ ಬೆಂಚಿನ ಹುಡುಗನ ಹತ್ತಿರ ಆವತ್ತು ಟ್ಯಾಬ್ಲೆಟ್ ಇತ್ತು. ಪ್ರಾಜೆಕ್ಟ್‌ಗೆ ಅಂತ ಅನುಮತಿ ತಗೊಂಡು ತಂದಿದ್ದ. ಅದರಲ್ಲಿ ಶಬ್ದವಿಲ್ಲದೆ ಫುಟ್‌ಬಾಲ್ ಓಡುತ್ತಿತ್ತು. ನೀಲಿ ಜರ್ಸಿಯವನು ಎಡಗಾಲಲ್ಲಿ ಹೊಡೆದ ಗೋಲು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನಗೆ ಫುಟ್‌ಬಾಲ್ ಇಷ್ಟವೂ ಇಲ್ಲ! ಸುಮ್ನೆ ಕಣ್ಣು ಅಲ್ಲಿಗೆ ಹೋಯಿತು, ಅಲ್ಲೇ ಉಳಿಯಿತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಾಗ ಲೋಟದ ಚಿತ್ರ ಬಿಡಿಸಿ ಕೂತೆ, ಕೆಳಗೆ ಬರೆಯಲು ಏನೂ ಬರಲಿಲ್ಲ.

ಆ ಹುಡುಗ ನನ್ನ ಪಾಠ ಹಾಳು ಮಾಡಬೇಕು ಅಂತ ಏನೂ ಮಾಡಲಿಲ್ಲ. ಹಿಂದೆ ಒಬ್ಬರು ಇದ್ದಾರೆ ಅಂತಲೂ ಅವನಿಗೆ ಹೊಳೆದಿರಲಿಕ್ಕಿಲ್ಲ. ಮೂರು ದಿನದಿಂದ ನನಗೂ ಹೊಳೆದಿರಲಿಲ್ಲ. ಒಡೆದರೆ ನನ್ನದು, ಕಳೆದರೆ ನನ್ನದು, ಭಾರವಾದರೆ ನನ್ನ ಬೆನ್ನು. ಬರೀ ನನ್ನ ಲೆಕ್ಕವನ್ನೇ ಹಾಕುತ್ತಿದ್ದೆ. ನಾನು ಕೂರುವುದು ಎರಡನೇ ಬೆಂಚು. ನನ್ನ ಹಿಂದೆ ನಾಲ್ಕು ಸಾಲು ಮಕ್ಕಳಿದ್ದಾರೆ. ನಾನು ಫುಟ್‌ಬಾಲ್ ನೋಡುವುದಿಲ್ಲ, ನಿಜ. ಆದರೆ ಒಂದು ಮೆಸೇಜ್ ಮೂಲೆಯಲ್ಲಿ ಹಾರಿಬಂದರೂ ಸಾಕು, ಹಿಂದಿನವರ ಕಣ್ಣು ಅಲ್ಲಿಗೆ ಹೋಗುತ್ತದೆ.

ಇನ್ನು ನೋಟ್ಸ್ ವಿಷಯ. ಕೈಯಲ್ಲಿ ಬರೆದವರಿಗೆ ಹೆಚ್ಚು ಅರ್ಥವಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. 2014ರಲ್ಲಿ ಮುಲ್ಲರ್ ಮತ್ತು ಒಪನ್‌ಹೈಮರ್ ಅನ್ನುವ ಸಂಶೋಧಕರು ಹಾಗೆ ತೋರಿಸಿದ್ದರು: ಟೈಪ್ ಮಾಡುವವರು ಕೇಳಿದ್ದನ್ನು ಹಾಗೆಹಾಗೇ ಇಳಿಸಿಕೊಳ್ಳುತ್ತಾರೆ, ಯೋಚಿಸುವುದು ಕಡಿಮೆ. ನಂತರ ಬೇರೆಯವರು ಆ ಪ್ರಯೋಗವನ್ನು ಮತ್ತೆ ಮಾಡಿದಾಗ ವ್ಯತ್ಯಾಸ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ನನಗೆ ಮಾತ್ರ ಇದರಲ್ಲಿ ಅನುಮಾನವಿಲ್ಲ. ಗಣಿತವನ್ನು ಕೀಬೋರ್ಡಿನಲ್ಲಿ ಬರೆಯಲು ಹೋದರೆ ಒಂದು ವರ್ಗಮೂಲದ ಚಿಹ್ನೆ ಹುಡುಕುವಷ್ಟರಲ್ಲಿ ಬೋರ್ಡ್ ಒರೆಸಿ ಆಗಿರುತ್ತದೆ. ಜೀವಕೋಶದ ಚಿತ್ರಕ್ಕಂತೂ ಪೆನ್ಸಿಲ್ಲೇ ಬೇಕು. ನೋಟ್ಸ್ ಪುಸ್ತಕದಲ್ಲೇ.

ಅಂದರೆ ಬೇಕಾಗಿರುವುದು ಲ್ಯಾಬಿಗೆ ಮಾತ್ರ. ಲ್ಯಾಬ್ ಇರುವುದು ಬುಧವಾರ ಮತ್ತು ಶುಕ್ರವಾರ. ಎರಡೇ ದಿನ!

ಹತ್ತೂಕಾಲು.

ತೀರ್ಮಾನ ಆಯ್ತು. ವಾರಕ್ಕೆ ಎರಡು ದಿನ ಒಯ್ಯುತ್ತೇನೆ, ಉಳಿದ ದಿನ ಮನೆಯಲ್ಲಿ. ಒಯ್ದ ದಿನವೂ ಲ್ಯಾಬ್ ಬಿಟ್ಟು ಬೇರೆ ಕ್ಲಾಸಿನಲ್ಲಿ ಸುಮ್ಮಸುಮ್ಮನೆ ತೆರೆಯುವುದಿಲ್ಲ. ಪ್ರಾಜೆಕ್ಟ್ ಕೆಲಸಕ್ಕೆ ಕ್ಲಾಸಿನಲ್ಲೇ ತೆರೆಯಬೇಕಾಗಿ ಬಂದರೆ ಕೊನೇ ಬೆಂಚಿಗೆ ಹೋಗಿ ಕೂರುತ್ತೇನೆ. ಅಲ್ಲಿ ಹಿಂದೆ ಗೋಡೆ ಮಾತ್ರ.

ಅಪ್ಪನಿಗೆ ಹೇಳಿದೆ. "ಕೊನೇ ಬೆಂಚಿನಿಂದ ಬೋರ್ಡ್ ಕಾಣುತ್ತಾ?" ಅಂದರು. ಕನ್ನಡಕ ಬ್ಯಾಗಿನಲ್ಲಿದೆ, ನೋಡಿಕೊಂಡೆ.

ಆಮೇಲೆ ಒಂದು ಗಂಟೆ ಕೂತು ಲ್ಯಾಪ್‌ಟಾಪನ್ನು ಶಾಲೆಗೆ ತಯಾರು ಮಾಡಿದೆ. ಶಾಲೆಗೆ ಅಂತಲೇ ಬೇರೆ ಯೂಸರ್ ಖಾತೆ ತೆರೆದೆ. ಅದರಲ್ಲಿ ಮೆಸೇಜ್ ಇಲ್ಲ, ನೋಟಿಫಿಕೇಶನ್ ಎಲ್ಲ ಬಂದ್, ನನ್ನ ಕಥೆಗಳೂ ಕಾಣುವುದಿಲ್ಲ. ಶಾಲೆಯ ವೈಫೈ ಸೇರಬೇಕಾದರೆ ಅವರು ಕೊಡುವ ಸರ್ಟಿಫಿಕೇಟ್ ಅನ್ನುವ ಒಂದು ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬೇಕಂತೆ. ಅಂಥದ್ದನ್ನು ಹಾಕಿದರೆ ಬ್ರೌಸರಿನಲ್ಲಿ ಬೀಗದ ಗುರುತಿರುವ ಸುರಕ್ಷಿತ ಪುಟಗಳನ್ನೂ ಶಾಲೆಯ ಫಿಲ್ಟರ್, ಅಂದರೆ ಬೇಡದ ಪುಟಗಳನ್ನು ತಡೆಯುವ ವ್ಯವಸ್ಥೆ, ಬಿಚ್ಚಿ ನೋಡಲು ಸಾಧ್ಯವಾಗುತ್ತದೆ. ಮಕ್ಕಳು ಕೂರುವ ಜಾಗ, ಫಿಲ್ಟರ್ ಬೇಕು, ನಾನು ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಏನು ಹಾಕುತ್ತಿದ್ದೇವೆ ಅಂತ ನಮಗೆ ಗೊತ್ತಿರಬೇಕು. ನನ್ನ ಸ್ವಂತ ಮೇಲ್, ಡೈರಿ ಇವನ್ನು ಆ ಖಾತೆಯಲ್ಲಿ ತೆರೆಯುವುದಿಲ್ಲ, ಶಾಲೆಯ ವೈಫೈಯಲ್ಲೂ ತೆರೆಯುವುದಿಲ್ಲ.

ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯಾ, ಅಂದರೆ ಬೇರೆಯವರು ಓದಲಾಗದ ಹಾಗೆ ಬೀಗ ಬಿದ್ದಿದೆಯಾ ನೋಡಿದೆ, ಬಿದ್ದಿತ್ತು. ಆ ಬೀಗ ತೆಗೆಯುವ ರಿಕವರಿ ಕೀಲಿಯ ಉದ್ದ ಅಂಕಿಗಳನ್ನು ಪೇಪರಿನ ಮೇಲೆ ಬರೆದು ಅಮ್ಮನ ಹತ್ತಿರ ಕೊಟ್ಟೆ. ಕಳೆದರೆ ಹುಡುಕುವ ಸೌಲಭ್ಯ ಆನ್ ಮಾಡಿದೆ, ಕಳೆದ ಮೇಲೆ ಆನ್ ಮಾಡಲು ಆಗುವುದಿಲ್ಲವಲ್ಲ. ಸೀರಿಯಲ್ ನಂಬರ್ ಬರೆದಿಟ್ಟೆ. ಕಥೆಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿ ಡ್ರಾಯರ್‌ನಲ್ಲಿ ಹಾಕಿದೆ, ಇನ್ನೊಂದು ನಕಲು ಅಕ್ಕನಿಗೆ ಕಳಿಸಿದೆ. ಓದಬೇಡ ಅಂತ ಹೇಳಿದ್ದೇನೆ. ಅವಳು ಓದುವುದಿಲ್ಲ, ನನಗೆ ಗೊತ್ತು.

ಅಕ್ಕ ಹೇಳಿದ ಇನ್ನೊಂದು ಮಾತು: ಬ್ಯಾಗಿಗೆ ಹಾಕುವ ಮುಂಚೆ ಪೂರ್ತಿ ಶಟ್‌ಡೌನ್ ಮಾಡು. ಬರೀ ಮುಚ್ಚಳ ಮುಚ್ಚಿದರೆ ಕೆಲವು ಲ್ಯಾಪ್‌ಟಾಪ್‌ಗಳು ಒಳಗೇ ಎದ್ದು ಕೂರುತ್ತವೆ. ಗಾಳಿಯಾಡದ ಬ್ಯಾಗಿನಲ್ಲಿ ಬಿಸಿಯಾಗುತ್ತವೆ, ಬ್ಯಾಟರಿಯೂ ಖಾಲಿ. ಅವಳಿಗೆ ಒಮ್ಮೆ ಹಾಗೇ ಆಗಿತ್ತಂತೆ, ಕೈಯಿಟ್ಟರೆ ಸುಡುತ್ತಿತ್ತಂತೆ.

ನಾಳೆ ಸೋಮವಾರ. ಲ್ಯಾಪ್‌ಟಾಪ್ ಮೇಜಿನ ಮೇಲೇ ಇರುತ್ತದೆ. ನಾಳೆ ನಾನು ಮಾಡಬೇಕಾದ ಕೆಲಸ ಬೇರೆ ಇದೆ. ಬುಧವಾರ, ಶುಕ್ರವಾರ ಕೊನೇ ಬೆಂಚು ಬೇಕು ಅಂತ ಕ್ಲಾಸ್ ಟೀಚರ್ ಹತ್ತಿರ ಕೇಳಬೇಕು. ಅದಕ್ಕೂ ಮೊದಲು ನನ್ನ ಪಕ್ಕದಲ್ಲಿ ಕೂರುವವಳಿಗೆ ಹೇಳಬೇಕು. ಐದನೇ ತರಗತಿಯಿಂದ ನಾವಿಬ್ಬರೂ ಎರಡನೇ ಬೆಂಚಿನಲ್ಲಿ ಒಟ್ಟಿಗೇ ಕೂತವರು. ಹೇಗೆ ಶುರು ಮಾಡಬೇಕು ಅಂತ ಇನ್ನೂ ಗೊತ್ತಾಗಿಲ್ಲ. ಬಸ್ಸಿನಲ್ಲಿ ಹೇಳಿಬಿಡುತ್ತೇನೆ, ಗೇಟಿನವರೆಗೆ ಕಾಯುವುದಿಲ್ಲ.